ಬಲಗಾಲಿನ ಪೆಟ್ಟಿಗೆ

ಬೆರಳು ತಣ್ಣಗಿದೆ, ತಂಗಿಯ ಬೆರಳು, ತೊಡೆಯಿಂದ ಹಿಮ್ಮಡಿಯವರೆಗೆ ಟೇಪು ಎಳೆಯುತ್ತಿದ್ದಾಳೆ, ನಮ್ಮ ಹೊಲಿಗೆ ಅಂಗಡಿಯ ಅದೇ ಹಳದಿ ಟೇಪು, ಯಾಕೇ ಎಂದರೆ ಪೆಟ್ಟಿಗೆಗೆ ಅಕ್ಕ, ಬಡಗಿ ಅಳತೆ ಕೇಳ್ದ — ದೇವರೇ, ಇನ್ನೂ ಉಸಿರಾಡುತ್ತಿರುವವಳ ಕಾಲಿಗೆ ಪೆಟ್ಟಿಗೆ, ಕತ್ತರಿಸಿದ ಮೇಲೆ ಕಾಲನ್ನು ಆಸ್ಪತ್ರೆಯವರು ಸುಟ್ಟುಬಿಡುತ್ತಾರಂತೆ, ಸುಡಬೇಡಿ ಎಂದು ನಾನೇ ಗೋಗರೆದೆ, ಅಮ್ಮನ ಸಮಾಧಿಯಲ್ಲಿಡಿ, ಕಡೆಯ ದಿನ ಸತ್ತವರೆಲ್ಲ ಏಳುವಾಗ ನಾನು ಯಾವ ಬೂದಿಯಲ್ಲಿ ಕಾಲು ಹುಡುಕಲಿ, ಪಾದ್ರಿಗಳು ಒಪ್ಪಿದರು, ಗುಂಡಿಯೂ ತೋಡಿಯಾಗಿದೆಯಂತೆ, ಕತ್ತರಿಸಲು ನಾನಿನ್ನೂ ಹೂಂ ಎಂದಿಲ್ಲ, ಗುಂಡಿ ಸಿದ್ಧ, ಕಾಲು ಮಾತ್ರ ಬಂತಾ, ನೀನೆಲ್ಲೇ ಎಂದು ಅಮ್ಮ ಕೇಳುತ್ತಾಳೇನೋ — ನಗು ಬರುತ್ತಿದೆ, ಹೆದರಿಕೆಯೂ, ಅಯ್ಯೋ, ಇವಳು ಅಳೆಯುತ್ತಿರುವುದು ಎಡಗಾಲನ್ನು! ಏ ಹುಚ್ಚಿ, ಕತ್ತರಿಸೋದು ಬಲಗಾಲು ಕಣೇ, ಗೊತ್ತು ಅಕ್ಕ, ಅದನ್ನ ನೋಡೋಕಾಗ್ತಿಲ್ಲ, ಎರಡೂ ಒಂದೇ ಅಳತೆ ಅಲ್ವಾ — ಒಂದೇ ಅಳತೆಯಂತೆ, ಅದು ಬಾತು ಕುಂಬಳಕಾಯಿಯಾಗಿದೆ, ಇಷ್ಟು ವರ್ಷ ಅಂಗಡಿಯಲ್ಲಿ ಕಲಿತದ್ದು ಇದೇನಾ, ಬೈಯಲು ಬಾಯಿ ತೆರೆದರೆ ಅಳು ಬಂತು.

ಈ ಮೊಣಕಾಲೂರಿಯೇ ಅಲ್ಲವೇ ನಾನು ಪ್ರಾರ್ಥನೆ ಕಲಿತದ್ದು, ಮನಸ್ಸು ಗಿರಾಕಿಯ ರವಿಕೆಯ ತೋಳಿನ ಸುತ್ತ ಅಲೆಯುತ್ತಿದ್ದರೂ ಮೊಣಕಾಲು ದೇವರೆದುರು ನೆಲ ಬಿಡುತ್ತಿರಲಿಲ್ಲ, ನನಗಿಂತ ಅದಕ್ಕೇ ಭಕ್ತಿ ಹೆಚ್ಚು, ಅದನ್ನೇ ಕೊಟ್ಟುಬಿಟ್ಟರೆ ಇನ್ನು ನಾನು ಯಾವುದರಿಂದ ಬೇಡಲಿ — ಸರ್ಜನ್ ಬಂದರು, ಏನಮ್ಮಾ, ಈಗಲಾದ್ರೂ ಹೂಂ ಅಂತೀರಾ, ಕೊಳೆತ ಕಾಲಿನ ವಿಷ ಮೇಲಕ್ಕೇರ್ತಿದೆ, ಇನ್ನು ತಡ ಮಾಡಿದ್ರೆ ಜೀವ ನನ್ನ ಕೈಲಿಲ್ಲ, ಹಿಂದೆಯೇ ಪಾದ್ರಿಗಳು, ಹೆದರಬೇಡಮ್ಮ, ಸಮಾಧಿಯಿಂದ ಎದ್ದು ಬಂದ ಯೇಸುವಿನ ಮೈಮೇಲೂ ಗಾಯ ಇತ್ತಲ್ಲ — ಸಮಾಧಾನಕ್ಕೆ ಹೇಳಿದರು, ನನಗೆ ಎದೆ ಧಸಕ್ಕೆಂದಿತು, ಹಾಗಾದರೆ ಅಲ್ಲೂ ಹೀಗೇನಾ, ಪೆಟ್ಟಿಗೆ, ಗುಂಡಿ, ಎಲ್ಲ ಮಾಡಿಯೂ ಕುಂಟಿಯಾಗಿಯೇ ಏಳುವುದಾ, ಸಾವನ್ನೇ ಗೆದ್ದವನಿಗೆ ಶಿಲುಬೆಯ ಮೊಳೆ ಕೊರೆದ ಅಂಗೈಯ ತೂತು ಮುಚ್ಚಲಾಗಲಿಲ್ಲವೇ, ಎಳೆಗೆ ಎಳೆ ಹೆಣೆದು ಒಂದು ರಫು ಹೊಡೆದರೆ ಹರಿದ ಗುರುತೇ ಸಿಗುವುದಿಲ್ಲ, ನಾನೇ ಎಷ್ಟು ಶರಟು ಹಾಗೆ ಉಳಿಸಿಕೊಟ್ಟಿಲ್ಲ — ಮುಚ್ಚಲಿಲ್ಲ, ಬೇಕೆಂದೇ ಬಿಟ್ಟ, ತಾನು ಎದ್ದು ಬಂದದ್ದನ್ನು ನಂಬದ ಶಿಷ್ಯನಿಗೆ ಇದರಲ್ಲಿ ಬೆರಳಿಟ್ಟು ನೋಡು ಎಂದ, ತಂಗಿ ನನ್ನ ಕೈ ಬಿಡುತ್ತಿಲ್ಲ, ಅಕ್ಕ, ನನಗೆ ನೀನು ಬೇಕು, ಕಾಲು ಇಲ್ದಿದ್ರೂ ಬೇಕು, ಹೂಂ ಅನ್ನು, ಹೂಂ ಎಂದೆ, ನನ್ನದೇ ದನಿ, ಗಾಲಿಮಂಚ ಹೊರಟಿತು, ಭಯ ಹೋಗಿಲ್ಲ ತಂದೆಯೇ, ಒಂದಿಷ್ಟೂ ಹೋಗಿಲ್ಲ, ಕಣ್ಣು ಮುಚ್ಚಿದರೆ ಚಾಚಿದ ಅಂಗೈ, ನಡುವೆ ತೂತು, ಅಂಚು ಮಡಿಸಿಲ್ಲ, ಹೊಲಿದಿಲ್ಲ, ತೂತು, ಆ ಅಂಗೈಯ ತೂತು