ಫೆರ್ಮಿನ್‌ಗೆ ಹಾಕಿದ ಗಾಳ

ನಮ್ಮ ಸರೋವರ ಸತ್ತವರನ್ನು ಹಿಂದಕ್ಕೆ ಕೊಡುವುದಿಲ್ಲ. ಬೇರೆ ಕಡೆ ನೀರಿಗೆ ಬಿದ್ದವನು ಊದಿಕೊಂಡು ತಾನಾಗಿ ಮೇಲೆ ಬರುತ್ತಾನಂತೆ. ಇಲ್ಲಿಯದು ಆಂಡೀಸಿನ ಹಿಮ ಕರಗಿ ಇಳಿದ ನೀರು. ತಳಕ್ಕೆ ಬೇಸಿಗೆ, ಚಳಿಗಾಲ ಎಂಬ ಭೇದವಿಲ್ಲ. ಹೋದವನು ಹೋದ ಹಾಗೆಯೇ ಕೆಳಗಿರುತ್ತಾನೆ. ಆದ್ದರಿಂದ ಫೆರ್ಮಿನ್ ಕಿಲಾಲೆಯೊನ ಖಾಲಿ ದೋಣಿ ಪಡುಗಾಳಿಗೆ ತೇಲಿಕೊಂಡು ದಡಕ್ಕೆ ಬಂದು ಬಡಿದ ದಿನ ನಾವೆಲ್ಲ ಟೋಪಿ ತೆಗೆದು, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಕಥೆ ಇಲ್ಲಿಗೆ ಮುಗಿಯಿತು ಅಂದುಕೊಂಡೆವು. ಅವನ ಹೆಂಡತಿ ಸುಲೇಮಾ ಮಾತ್ರ ಹಾಗೆ ಅಂದುಕೊಳ್ಳಲಿಲ್ಲ.

ನಾನು ಮೀನುಗಾಳದ ಚಮಚ ಬಡಿಯುವವನು. ಹಳೆಯ ನಲ್ಲಿ, ಕೆಟಲ್, ಕುದುರೆ ಗಂಟೆಗಳ ಹಿತ್ತಾಳೆಯನ್ನು ತಟ್ಟಿ ತೆಳ್ಳಗೆ ಮಾಡಿ, ಬೆನ್ನು ಬಾಗಿಸಿ, ಕೊಕ್ಕೆ ಸಿಕ್ಕಿಸಿ ಕೊಡುತ್ತೇನೆ. ದೋಣಿ ನಿಧಾನಕ್ಕೆ ಎಳೆದುಕೊಂಡು ಹೋದರೆ ಅದು ನೀರಿನಲ್ಲಿ ಗಾಯಗೊಂಡ ಮರಿಮೀನಿನ ಹಾಗೆ ಹೊರಳುತ್ತದೆ. ಟ್ರೌಟ್ ಮೀನಿಗೆ ಅಷ್ಟು ಸಾಕು. ನನ್ನ ಕೊಟ್ಟಿಗೆ ಇರುವುದು ದೋಣಿಕಟ್ಟೆಯ ಪಕ್ಕದಲ್ಲೇ. ಹೀಗಾಗಿ ನಡೆದದ್ದರಲ್ಲಿ ಹೆಚ್ಚಿನದನ್ನು ನಾನು ಕೂತಲ್ಲಿಂದಲೇ ನೋಡಿದ್ದೇನೆ.

ಕಾವಲು ದೋಣಿಯವರು ಬಂದು ಹುಡುಕಿದರು. ಮುಳುಗುಗಾರರು ತಮ್ಮಿಂದಾಗುವಷ್ಟು ಆಳಕ್ಕೆ ಇಳಿದು ಹತ್ತಿದರು. ಅವರು ಹೋದ ಮೇಲೆ ಸುಲೇಮಾ ಗಂಡನ ದೋಣಿ ನೀರಿಗೆ ತಳ್ಳಿದಳು. ಸೀಸದ ಎಳೆ ಹೆಣೆದ ದಾರಕ್ಕೆ ಮೂರು ಮೊನೆಯ ದೊಡ್ಡ ಕೊಕ್ಕೆ ಕಟ್ಟಿ, ಕಲ್ಲುಮೂಗು ಎಂದು ನಾವು ಕರೆಯುವ ಬಂಡೆಚಾಚಿನ ಎದುರಿನ ನೀರಿನಲ್ಲಿ ಬೆಳಗ್ಗೆಯಿಂದ ಸಂಜೆಯವರೆಗೆ ಎಳೆದಳು. ಅಲ್ಲಿ ನೀರಿನೊಳಗೆ ಬಂಡೆಯ ಒಂದು ಮೆಟ್ಟಿಲಿದೆ. ಅದರಾಚೆಗೆ ಪಾತಾಳ. ಫೆರ್ಮಿನ್ ಆ ಮೆಟ್ಟಿಲ ಮೇಲೇ ಟ್ರೌಟಿಗೆ ಎಳೆಯುತ್ತಿದ್ದವನು, ಅಲ್ಲೇ ಎಲ್ಲೋ ಬಿದ್ದಿದ್ದಾನೆಂದು ಅವಳ ಲೆಕ್ಕ. ಆದರೆ ದೋಣಿ ಮುಂದೆ ಹೋದಷ್ಟೂ ದಾರ ಹಿಂದಕ್ಕೆ ಹಾರಿ ಮೇಲೇಳುತ್ತದೆ. ಬರೀ ದಾರದಿಂದ ಅಷ್ಟು ಆಳವನ್ನು ಹಿಡಿದು ನಿಲ್ಲಲಾಗುವುದಿಲ್ಲ. ಅದಕ್ಕೆ ರಾಟೆ ಬೇಕು, ಉಕ್ಕಿನ ತಂತಿ ಬೇಕು, ತಂತಿಯ ತುದಿಗೆ ಕುಂಬಳಕಾಯಿಯಂಥ ಸೀಸದ ಗುಂಡು ಬೇಕು. ಗುಂಡು ನೆಟ್ಟಗೆ ಕೆಳಗಿಳಿದು ಗಾಳವನ್ನು ತನ್ನ ಜೊತೆಗೇ ಇಟ್ಟುಕೊಳ್ಳುತ್ತದೆ. ನಮ್ಮೂರಲ್ಲಿ ಅಂಥ ರಾಟೆ ಇದ್ದದ್ದು ಗಾಸ್ಪರ್ ಉಲ್ಲೋಅನ ದೋಣಿಯಲ್ಲಿ ಮಾತ್ರ.

ಗಾಸ್ಪರ್ ಪೇಟೆಯಿಂದ ಬಂದವರನ್ನು ಮೀನಿಗೆ ಕರೆದೊಯ್ಯುವವನು. ಕೆಂಪು ಮುಖ, ದೊಡ್ಡ ಗಂಟಲು. ಅವನಿದ್ದಲ್ಲಿ ನಗುವಿರುತ್ತಿತ್ತು, ನಗುವಿಗೆ ಯಾರಾದರೊಬ್ಬರು ಆಹಾರವಾಗಿರುತ್ತಿದ್ದರು. ಸುಲೇಮಾ ಅವನ ಹತ್ತಿರ ಹೋಗಿ ಕೇಳಿದಳು. ನಾನು ಕಿವಿಯಾರೆ ಕೇಳಿದ ಮಾತಿದು.

"ಒಂದು ವಾರ ರಾಟೆ ಕೊಡು ಗಾಸ್ಪರ್. ಕೊಡೋದು ಬೇಡ ಅಂದ್ರೆ ನೀನೇ ಬಂದು ಎಳೆದುಕೊಡು."

"ಅದು ಟ್ರೌಟಿಗೆ ಇಟ್ಟಿರೋದು ಕಣಕ್ಕಾ, ಹೆಣಕ್ಕಲ್ಲ," ಅಂದ. ಕಟ್ಟೆಯ ಮೇಲೆ ಕೂತಿದ್ದವರ ಕಡೆ ತಿರುಗಿ, "ಅದೂ ಅಲ್ದೆ ನೀನು ಹಾಕಿರೋ ಗಾಳನೇ ತಪ್ಪು. ಫೆರ್ಮಿನ್ ಹಿತ್ತಾಳೆಗೆ ಬೀಳೋನಾ? ಒಂದು ಬುಡ್ಡಿ ವೈನ್ ಕಟ್ಟಿ ಇಳಿಬಿಡು, ತಾನೇ ಹತ್ಕೊಂಡು ಬರ್ತಾನೆ!"

ಎಲ್ಲರೂ ನಕ್ಕರು. ಫೆರ್ಮಿನ್ ಕುಡಿಯುತ್ತಿದ್ದದ್ದೂ ನಿಜವೇ. ಸುಲೇಮಾ ದೋಣಿ ಹತ್ತಿದಳು. ಬೇಸಿಗೆಯೆಲ್ಲ ಎಳೆದಳು. ಒಮ್ಮೊಮ್ಮೆ ಕೊಕ್ಕೆಗೆ ಮುಳುಗಿದ ಮರದ ಕೊಂಬೆ ಸಿಗುತ್ತಿತ್ತು. ಅದು ಮೇಲೆ ಬರುವವರೆಗೂ ಅವಳ ಮುಖ ನೋಡಲಾಗುತ್ತಿರಲಿಲ್ಲ.

ಋತು ಮುಗಿಯುವ ಹೊತ್ತಿಗೆ ಊರಿನಲ್ಲಿ ಟ್ರೌಟ್ ಪಂದ್ಯ. ಯಾರದು ಅತಿ ಭಾರದ ಮೀನೋ ಅವರಿಗೆ ಬೆಳ್ಳಿಯ ಬಟ್ಟಲು. ಆ ವರ್ಷ ಗಾಸ್ಪರ್ ಗೆದ್ದ. ಅವನ ದೋಣಿಯಲ್ಲಿದ್ದ ಗಿರಾಕಿ, ಮಸ್ಸೋನಿ ಎಂಬ ಬ್ಯೂನಸ್ ಐರಿಸ್‌ನ ತೊಗಲು ವ್ಯಾಪಾರಿ, ಹಿಡಿದ ಕಂದು ಟ್ರೌಟನ್ನು ಇಬ್ಬರು ಸೇರಿ ತಕ್ಕಡಿಗೆ ಎತ್ತಬೇಕಾಯಿತು. ಅಂಥ ಮೀನನ್ನು ನಾವು ಬಹಳ ಕಾಲದಿಂದ ಕಂಡಿರಲಿಲ್ಲ.

ಮರುದಿನ ಮಧ್ಯಾಹ್ನ ಪಂಚಾಯಿತಿ ಶೆಡ್ಡಿನಲ್ಲಿ ಊಟ. ಕುರಿಮರಿಗಳನ್ನು ಕಬ್ಬಿಣದ ಶಿಲುಬೆಗೆ ಬಿಗಿದು ಸುಡಲು ಬೆಂಕಿಯ ಸುತ್ತ ನೆಟ್ಟಿದ್ದರು. ಸುಲೇಮಾ ಅಂಥ ಊಟಗಳಲ್ಲಿ ಮಾಂಸ ಕೊಯ್ದು ಬಡಿಸುವವಳು. ಅವತ್ತೂ ಬಂದಿದ್ದಳು. ಮಸ್ಸೋನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ. ವೈನ್ ಏರಿತ್ತು, ಮೀನಿನ ಕಥೆ ಹೇಳಲು ಜನ ಒತ್ತಾಯಿಸುತ್ತಿದ್ದರು. ಗಾಸ್ಪರ್ ಆಚೆ ತುದಿಯಲ್ಲಿ ಬಟ್ಟಲಿಗೆ ವೈನ್ ಸುರಿದು ಎಲ್ಲರಿಗೂ ಕುಡಿಸುತ್ತಿದ್ದ.

"ಏನು ಹೇಳ್ಲಿ ಸ್ವಾಮಿ," ಮಸ್ಸೋನಿ ಶುರುಮಾಡಿದ. "ಕಲ್ಲುಮೂಗಿನ ಹತ್ರ ಹೋಗ್ತಿದೀವಿ. ಗಾಸ್ಪರ್ ದೋಣೀನ ಅಗಲಕ್ಕೆ ತಿರುಗಿಸ್ದ. ತಿರುವಿನಲ್ಲಿ ಒಳಬದಿ ದಾರದ ಚಮಚ ಕೆಳಗೆ ಬೀಳುತ್ತಂತೆ, ಮೀನು ಅಲ್ಲೇ ಹೊಡಿಯೋದಂತೆ. ಹೊಡೀತು ನೋಡಿ! ಕೋಲು ನೀರಿಗೆ ಮೂಗು ಅದ್ದಿಬಿಡ್ತು. ನಾನು ಹಿಡ್ಕೊಂಡೆ. ಅಷ್ಟರಲ್ಲಿ ಆಚೆ ಕಡೆ ರಾಟೆ ಕಿರ್ ಅಂತು. ಗುಂಡು ತಳದಲ್ಲಿ ಏನಕ್ಕೋ ಸಿಕ್ಕೊಂಡಿದೆ. ಗಾಸ್ಪರ್ ಸುತ್ತಿದ, ಸುತ್ತಿದ, ಭಾರ ಮೇಲೆ ಬಂತು. ಬಂದದ್ದು..." ಅವನು ಸುತ್ತ ನೋಡಿ ದನಿ ಇಳಿಸಿದ. "ಬಂದದ್ದು ಒಬ್ಬ ಮನುಷ್ಯ."

ಬೆಂಕಿಯ ಹತ್ತಿರ ಮಾಂಸ ತಿರುಗಿಸುತ್ತಿದ್ದವರೂ ಇತ್ತ ತಿರುಗಿದರು.

"ದೋಣಿ ಪಕ್ಕದಲ್ಲೇ, ಕೈ ಚಾಚಿದ್ರೆ ಸಿಗೋ ಹಾಗೆ. ಗುಂಡಿನ ಹತ್ರ ಇದ್ದ ಗಾಳ ಅವನ ಸ್ವೆಟರಿಗೆ ಹತ್ತಿತ್ತು. ನನ್ನ ಮೀನು ಒಂದು ಸುತ್ತು ಹೊಡೆದು ಆ ತಂತಿ ಕಡೆಗೇ ಬಂತು. ದಾರ ತಂತಿಗೆ ಸುತ್ಕೊಂಡ್ರೆ ಮುಗೀತು, ಮೀನು ಹೋಯ್ತು. ಗಾಸ್ಪರ್ ನನ್ನ ಮುಖ ನೋಡ್ದ, ಮೀನು ನೋಡ್ದ, ಇಕ್ಕಳ ತಗೊಂಡು ತಂತಿ ಕಡಿದ. ಅಷ್ಟೆ. ಮನುಷ್ಯ ಗುಂಡಿನ ಜೊತೆ ಇಳಿದೋದ."

"ಸ್ವೆಟರ್ ಯಾವ ಬಣ್ಣ?" ಯಾರೋ ಕೇಳಿದರು. ಕೇಳಿದ್ದು ಸುಲೇಮಾ. ಮಾಂಸದ ತಟ್ಟೆ ಹಿಡಿದು ಅವನ ಬೆನ್ನ ಹಿಂದೆಯೇ ನಿಂತಿದ್ದಳು.

"ಬೂದು ಬಣ್ಣ ಅಮ್ಮಾ. ಮೊಣಕೈ ಹತ್ರ ಹಸಿರು ತೇಪೆ."

"ಮುಖ?"

"ಚೆನ್ನಾಗಿತ್ತು. ಏನೂ ಆಗಿರ್ಲಿಲ್ಲ. ಮಲಗಿದ ಹಾಗಿತ್ತು."

ಆಗ ಅವನಿಗೆ ಏನೋ ಹೊಳೆದಿರಬೇಕು, ಬಾಯಿ ಮುಚ್ಚಿದ. ಸುಲೇಮಾ ತಟ್ಟೆಯನ್ನು ಅವನ ಮುಂದೆ ಇಟ್ಟು, ಲಂಗಕ್ಕೆ ಕೈ ಒರೆಸಿಕೊಂಡು, ಗಾಸ್ಪರ್ ಕೂತಿದ್ದ ತುದಿಗೆ ನಡೆದಳು. ಅವನು ಆಗಲೇ ಎದ್ದು ನಿಂತಿದ್ದ.

"ನಾನೇನು ಕೊಂದೆನಾ?" ಅವಳು ಕೇಳುವ ಮೊದಲೇ ಅಂದ. "ಸತ್ತೋನು ಮೊದಲೇ ಸತ್ತಿದ್ದ. ಮೀನು ಬದುಕಿತ್ತು."

"ಎಲ್ಲಿ ಬಿಟ್ಟೆ?"

"ಗಾಳಿಗೆ ದೋಣಿ ಜರುಗಿತ್ತು. ಮೆಟ್ಟಿಲು ದಾಟಿ."

ಮೆಟ್ಟಿಲು ದಾಟಿ ಅಂದರೆ ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಬೇಸಿಗೆಯಿಡೀ ಫೆರ್ಮಿನ್ ಅವಳ ಕೊಕ್ಕೆಗಿಂತ ಸ್ವಲ್ಪವೇ ಕೆಳಗೆ ಮಲಗಿದ್ದ. ಒಂದು ರಾಟೆಯಿದ್ದಿದ್ದರೆ ಸಿಗುತ್ತಿದ್ದ. ಈಗ ಯಾವ ರಾಟೆಯ ತಂತಿಯೂ ಮುಟ್ಟದ ಜಾಗಕ್ಕೆ, ಸೀಸದ ಗುಂಡಿನ ಸಮೇತ ಹೋಗಿದ್ದ.

ನ್ಯಾಯಾಧೀಶರು ಗಾಸ್ಪರನನ್ನು ಕರೆಸಿ ಕೇಳಿದರು. ಗಾಬರಿಯಲ್ಲಿ ಮರದ ದಿಮ್ಮಿ ಅಂದುಕೊಂಡೆ ಅಂದ. ಸಾಕ್ಷಿ ಹೇಳಲು ಮಸ್ಸೋನಿ ಬ್ಯೂನಸ್ ಐರಿಸ್‌ನಿಂದ ಬರಲೇ ಇಲ್ಲ, ವಿಚಾರಣೆ ಅಲ್ಲಿಗೇ ನಿಂತಿತು. ಬಟ್ಟಲನ್ನೂ ಯಾರೂ ವಾಪಸು ಕೇಳಲಿಲ್ಲ. ಮೀನಿನ ತೂಕದಲ್ಲಿ ಮೋಸವೇನೂ ಇರಲಿಲ್ಲವಲ್ಲ.

ಮುಂದಿನ ಋತು ತೆರೆದ ಮೊದಲ ಬೆಳಗ್ಗೆ ಸುಲೇಮಾ ದೋಣಿಕಟ್ಟೆಗೆ ಬಂದಳು. ಒಗೆದ ಬಟ್ಟೆ, ಬಾಚಿದ ತಲೆ, ಕೈಯಲ್ಲಿ ಬಿಸಿಬಿಸಿ ಕರಿದ ರೊಟ್ಟಿಯ ಬುಟ್ಟಿ. ಗಾಸ್ಪರನ ಗಿರಾಕಿಗಳು ಬಂದಾಗ ಒಬ್ಬೊಬ್ಬರಿಗೂ ರೊಟ್ಟಿ ಕೊಟ್ಟಳು. ನಗುನಗುತ್ತಾ ಮಾತಾಡಿಸಿದಳು.

"ಗಾಸ್ಪರ್ ಜೊತೆ ಹೋಗ್ತಿದೀರಾ? ಒಳ್ಳೇದು. ಅವನಷ್ಟು ಚೆನ್ನಾಗಿ ಎಳೆಯೋರು ಈ ನೀರಲ್ಲಿ ಇಲ್ಲ. ಭಾರ ಏನಾದ್ರೂ ಮೇಲೆ ಬಂದ್ರೆ ಹೆದರ್ಬೇಡಿ, ನನ್ನ ಗಂಡ. ಬೂದು ಸ್ವೆಟರ್. ಹೆಂಡ್ತಿ ನಮಸ್ಕಾರ ಹೇಳಿದ್ಲು ಅನ್ನಿ. ಬೇಗ ಹೇಳಿ, ಗಾಸ್ಪರ್ ತಂತಿ ಕಡಿದುಬಿಡ್ತಾನೆ."

ಮೊದಲು ಅವರು ತಮಾಷೆಯೆಂದು ನಕ್ಕರು. ಆಮೇಲೆ ಗಾಸ್ಪರನ ಮುಖ ನೋಡಿದರು. ರೊಟ್ಟಿ ಹಿಡಿದ ಕೈ ಬಾಯಿಗೆ ಹೋಗಲಿಲ್ಲ.

ಮರುದಿನವೂ ಬಂದಳು. ಗಾಳಿಯಿದ್ದ ದಿನ ತಲೆಗೆ ಬಟ್ಟೆ ಕಟ್ಟಿಕೊಂಡು ಬಂದಳು. ಗಾಸ್ಪರ್ ಬೈದ, ಅಂಗಲಾಚಿದ, ಗಿರಾಕಿಗಳನ್ನು ಆಚೆ ಕೊಲ್ಲಿಯಿಂದ ಹತ್ತಿಸಿಕೊಂಡ. ಅವಳು ನಡೆದು ಅಲ್ಲಿಗೂ ಹೋದಳು. ಮಕ್ಕಳನ್ನು ಕರೆತಂದ ಒಬ್ಬ ತಂದೆ ದೋಣಿಯಿಂದ ಇಳಿದು ಹೋದ. ಮಾತು ಹೋಟೆಲಿನಿಂದ ಹೋಟೆಲಿಗೆ ಹಬ್ಬಿತು. ಜನ ಬೇರೆ ದೋಣಿ ಕೇಳತೊಡಗಿದರು. ಹಿಂದಿನ ವರ್ಷ ಅವನ ಜೊತೆ ನಕ್ಕವರೇ ಆ ಗಿರಾಕಿಗಳನ್ನು ಹತ್ತಿಸಿಕೊಂಡರು, ಮತ್ತೆ ನಕ್ಕರು. ಈ ಸಲ ಆಹಾರವಾದವನು ಗಾಸ್ಪರ್. "ಏನೋ ಗಾಸ್ಪರ್, ಇಕ್ಕಳ ಹರಿತ ಇದೆಯಾ?" ಎಂದು ಕೇಳದೆ ಯಾರೂ ಅವನನ್ನು ದಾಟಿ ಹೋಗುತ್ತಿರಲಿಲ್ಲ.

ಬೇಸಿಗೆ ನಡುವಿನಲ್ಲಿ ಅವನು ಅವಳ ಬಾಗಿಲಿಗೆ ಹೋದ. ಹೆಂಡತಿ ನೀಲ್ಡಾಳೂ ಜೊತೆಗಿದ್ದಳು. ಏನು ನಡೆಯಿತೆಂದು ನೀಲ್ಡಾಳೇ ನನಗೆ ಹೇಳಿದ್ದು.

"ಏನು ಮಾಡ್ಲಿ ಹೇಳು ಸುಲೇಮಾ. ಮಂಡಿ ಊರ್ಲಾ?"

"ನಿನ್ನ ಮಂಡಿ ನನಗ್ಯಾಕೆ? ಅವನನ್ನ ತಂದುಕೊಡು."

"ಅಷ್ಟು ಆಳಕ್ಕೆ ದಾರ ಇಲ್ವಲ್ಲೇ!"

"ಇರೋದನ್ನೆಲ್ಲ ಗಂಟು ಹಾಕು."

ಹಾಕಿದ. ನನ್ನ ಕೊಟ್ಟಿಗೆಯ ಮುಂದೆ ಕೂತು ರಾಟೆಯ ಉಳಿದ ತಂತಿಗೆ ತಾಮ್ರದ ತಂತಿ, ಅದಕ್ಕೆ ಸೀಸದ ದಾರ, ಅದಕ್ಕೆ ದನ ಕಟ್ಟುವ ಹಗ್ಗ, ಹೀಗೆ ಊರಲ್ಲಿ ಸಿಕ್ಕಿದ್ದನ್ನೆಲ್ಲ ಬೆಸೆದ. ಕೊಕ್ಕೆಗಳನ್ನೂ ಹೊಸ ಸೀಸದ ಗುಂಡನ್ನೂ ನಾನೇ ಮಾಡಿಕೊಟ್ಟೆ. ಅಷ್ಟುದ್ದದ ಗಂಟುಗಂಟಿನ ಸಾಲು ರಾಟೆಗೆ ಸುತ್ತುವುದಿಲ್ಲ, ಕೈಯಲ್ಲೇ ಇಳಿಸಬೇಕು, ಕೈಯಲ್ಲೇ ಎಳೆಯಬೇಕು. ಗುಂಡು ತಳ ಮುಟ್ಟಿತೋ ಇಲ್ಲವೋ ಎಂಬುದು ಅಂಗೈಗೆ ಮಾತ್ರ ತಿಳಿಯುತ್ತದೆ. ಅಷ್ಟು ಆಳದಲ್ಲಿ ಅದಕ್ಕೂ ತಿಳಿಯುವುದಿಲ್ಲ. ಎಳೆಗಾಳ ನಡೆಯಬೇಕಾದರೆ ದೋಣಿ ನಡೆಯಬೇಕು. ದೋಣಿ ನಡೆದರೆ ಗುಂಡು ತಳ ಬಿಡುತ್ತದೆ. ಸರೋವರ ಬಲ್ಲ ಯಾರನ್ನು ಕೇಳಿದರೂ ಹೇಳುತ್ತಾರೆ, ಅದು ಆಗದ ಕೆಲಸ. ಸುಲೇಮಾಳಿಗೂ ಗೊತ್ತಿತ್ತು.

ಅವನು ದಿನಾ ಹೋಗುತ್ತಿದ್ದ. ಸಂಜೆ ಅವಳು ಕಟ್ಟೆಯ ಮೇಲೆ ನಿಂತಿರುತ್ತಿದ್ದಳು.

"ಸಿಕ್ಕನಾ?"

"ಇಲ್ಲ."

"ನಾಳೆ ಹೋಗು."

ತಾಮ್ರದ ಎಳೆ ಅವನ ಬೆರಳುಗಳನ್ನು ಕೊಯ್ದಿತು. ಗಾಯ ನೀರಿನಲ್ಲಿ ನೆನೆದು ಬಿಳುಚಿ ಮಾಯದೆ ಉಳಿಯಿತು. ಎಡಗೈಯ ಒಂದು ಬೆರಳನ್ನು ಆಸ್ಪತ್ರೆಯಲ್ಲಿ ತೆಗೆಯಬೇಕಾಯಿತು. ಒಂದು ವಾರ ಮನೆಯಲ್ಲಿದ್ದ; ಆ ವಾರ ಸುಲೇಮಾ ಮತ್ತೆ ರೊಟ್ಟಿಯ ಬುಟ್ಟಿ ಹಿಡಿದು ಅವನ ಮನೆಯ ಬಾಗಿಲಲ್ಲೇ ನಿಂತಳು. ಕೈಗೆ ಬಟ್ಟೆ ಸುತ್ತಿಕೊಂಡು ಅವನು ಮತ್ತೆ ಹೋದ. ಪಾದ್ರಿ ಬಂದು ಅವಳಿಗೆ ಬುದ್ಧಿ ಹೇಳಿದರು, ಕ್ಷಮೆ ದೊಡ್ಡದಮ್ಮಾ ಎಂದರು. "ಹೂಂ ಫಾದರ್," ಅಂದಳು, "ಫೆರ್ಮಿನ್ ದೊಡ್ಡ ಮನುಷ್ಯ. ಮೇಲೆ ಬರ್ಲಿ, ಅವನನ್ನೇ ಕೇಳಿ."

ಎಲೆ ಕೆಂಪಾಗುವ ಕಾಲಕ್ಕೆ ಒಂದು ಸಂಜೆ ಗಾಸ್ಪರ್ ದೂರದಿಂದಲೇ ಕೈ ಬೀಸುತ್ತಾ ಬಂದ. ದೋಣಿಯ ತಳದಲ್ಲಿ ಗೋಣಿಬಟ್ಟೆಯಲ್ಲಿ ಸುತ್ತಿದ ಒಂದು ಗಂಟು. ಕಟ್ಟೆಯ ಮೇಲೆ ಜನ ಸೇರಿದರು.

"ಸಿಕ್ಕ," ಅಂದ. "ಪೂರ್ತಿ ಇಲ್ಲ ಸುಲೇಮಾ. ಮೂಳೆ ಅಷ್ಟೆ. ಬಿಚ್ಚಬೇಡ, ನೋಡೋಕಾಗಲ್ಲ. ಹಾಗೇ ಮಣ್ಣು ಮಾಡೋಣ. ಶಿಲುಬೆ ನಾನು ಹಾಕಿಸ್ತೀನಿ."

ಅವಳು ಗಂಟಿನ ಮುಂದೆ ಕೂತಳು. ಬಹಳ ಹೊತ್ತು ಅದರ ಮೇಲೆ ಕೈಯಿಟ್ಟುಕೊಂಡಿದ್ದಳು. ಅವಳು ಒಪ್ಪಿಕೊಳ್ಳುತ್ತಾಳೆ ಎಂದೇ ನನಗೆ ಅನ್ನಿಸಿತು. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು. ಅವಳ ಬೆರಳು ಗಂಟಿನ ಮೇಲೆ ಆಡಿತು, ಹಗ್ಗ ಸಡಿಲಿಸಿತು. ಒಳಗಿಂದ ಒಂದು ದವಡೆ ಮೂಳೆ ತೆಗೆದು, ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು. ಉದ್ದನೆಯ, ಕಿರಿದಾದ ದವಡೆ.

"ಗಾಸ್ಪರ್," ಅಂದಳು, ಮೆಲ್ಲಗೆ, ಮಗುವನ್ನು ಕೇಳುವ ಹಾಗೆ. "ನನ್ನ ಗಂಡ ಹುಲ್ಲು ಮೇಯ್ತಿದ್ನಾ?"

ಹಿಂದೆ ಯಾರೋ 'ಮ್ಯಾ' ಅಂದರು. ಅಷ್ಟೇ ಸಾಕಾಯಿತು. ಇಡೀ ಕಟ್ಟೆ ನಕ್ಕಿತು. ಹೊಟ್ಟೆ ಹಿಡಿದುಕೊಂಡು, ಕಂಬಕ್ಕೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು. ನಾನೂ ನಕ್ಕೆ. ಗಾಸ್ಪರ್ ಬಟ್ಟೆ ಸುತ್ತಿದ ಕೈಗಳನ್ನು ಮುಂದೆ ಚಾಚಿಕೊಂಡು ದೋಣಿಯಲ್ಲೇ ನಿಂತಿದ್ದ, ಯಾರೋ ಏನೋ ಕೊಡುತ್ತಾರೆ ಎನ್ನುವ ಹಾಗೆ.

ನೀಲ್ಡಾ ಜನರನ್ನು ತಳ್ಳಿಕೊಂಡು ಬಂದಳು. ಸುಲೇಮಾಳ ಕೈಯಿಂದ ದವಡೆ ಕಿತ್ತು ನೀರಿಗೆಸೆದಳು.

"ಸಾಕು ಮಾಡೇ! ಇನ್ನೇನು ಬೇಕು ನಿಂಗೆ? ಅವನ ಜೀವಾನಾ?"

"ಜೀವ ಯಾಕೆ? ನಿನಗೆ ಗಂಡ ಇದಾನೆ. ಮುಖ ಇದೆ, ಮೈ ಇದೆ. ಬೇಕಾದ್ರೆ ಮನೆಗೆ ಕರ್ಕೊಂಡು ಹೋಗು. ನಾನು ಹಿಡ್ಕೊಂಡಿದೀನಾ?"

"ಬಾ ಗಾಸ್ಪರ್," ನೀಲ್ಡಾ ಕೈ ಚಾಚಿದಳು. "ಬಾ, ನಮ್ಮಣ್ಣನ ಊರಿಗೆ ಹೋಗೋಣ. ಬಸ್ಸಿದೆ."

ಅವನು ಅವಳ ಕೈ ನೋಡಿದ. ಆಮೇಲೆ ಸುಲೇಮಾಳನ್ನು ನೋಡಿ, "ನಾಳೆ ಮೆಟ್ಟಿಲಿನ ಬಡಗಣ ಕಡೆ ಎಳೀತೀನಿ," ಅಂದ. "ಅಲ್ಲಿ ಇನ್ನೂ ನೋಡಿಲ್ಲ."

ಸುಲೇಮಾ ಹೂಂ ಎಂದು ತಲೆಯಾಡಿಸಿದಳು.

ನೀಲ್ಡಾ ಒಬ್ಬಳೇ ಬಸ್ಸು ಹತ್ತಿದಳು. ನಕ್ಕವರು ಮನೆಗೆ ಹೋದರು. ಆ ಚಳಿಗಾಲ ದೋಣಿಗಳೆಲ್ಲ ದಡ ಹತ್ತಿ ಬೋರಲು ಬಿದ್ದವು. ನೀರಿನ ಮೇಲೆ ಗಾಸ್ಪರನದು ಒಂದೇ ಉಳಿಯಿತು. ಅವನಿಗೆ ಊಟ ಈಗ ಸುಲೇಮಾಳೇ ಹಾಕುತ್ತಾಳೆ, ಬೆರಳಿನ ಗಾಯಕ್ಕೆ ಕುರಿಕೊಬ್ಬು ಸವರುತ್ತಾಳೆ; ಕೈ ಹಾಳಾದರೆ ದಾರ ಹಿಡಿಯುವವರು ಯಾರು ಎನ್ನುತ್ತಾಳೆ. ಕಳೆದ ವಾರ ಅವನು ನನ್ನ ಕೊಟ್ಟಿಗೆಗೆ ಬಂದು ಇನ್ನೂ ಭಾರದ ಗುಂಡು ಎರಕ ಹೊಯ್ದುಕೊಡು ಎಂದು ಕೇಳಿದ. ಹೊಯ್ದುಕೊಟ್ಟೆ.