ಎಡಗೈ ಮೇಲಿರಬೇಕು

ಆರು ವಾರದಿಂದ ಒಂದೇ ಮಾತು ಕೂಗಿ ಕೂಗಿ ನನ್ನ ಗಂಟಲು ಸೋತಿತ್ತು. “ಎಡಗೈ ಮೇಲೆ, ಡಿಲಿಸ್! ಬಲಗೈ ಕೆಳಗೆ!”

ದೋಣಿಯ ಎರಡು ಹುಟ್ಟು ಎಳೆಯುವಾಗ ಅವುಗಳ ಹಿಡಿಗಳು ಹೊಟ್ಟೆಯ ಮುಂದೆ ಒಂದರ ಮೇಲೊಂದು ದಾಟಬೇಕು. ಥೇಮ್ಸ್ ನದಿಯ ಮೇಲೆ ಎಲ್ಲರದೂ ಎಡಗೈ ಮೇಲೆ. ಡಿಲಿಸ್‌ಳ ಕೈಗಳು ದಾಟುತ್ತಿರಲಿಲ್ಲ, ಗುದ್ದಾಡುತ್ತಿದ್ದವು. ದೋಣಿ ವಾಲಿಕೊಂಡು ಪ್ರತಿ ಸಲ ಅದೇ ವಿಲೋ ಮರದ ಬುಡಕ್ಕೆ ಹೋಗಿ ನಿಲ್ಲುತ್ತಿತ್ತು. ಬಲಗೈ ಗೆಣ್ಣಿನ ಹಳೆಯ ಹಕ್ಕಳೆ ಉದುರುವ ಮೊದಲೇ ಹೊಸ ಗಾಯ.

ಐವತ್ತೆರಡು ವರ್ಷದ ಡಿಲಿಸ್ ರೆಡಿಂಗ್ ಪಟ್ಟಣದಲ್ಲಿ ಬಸ್ ಓಡಿಸುತ್ತಾಳೆ. “ದಿನವಿಡೀ ಬೆನ್ನ ಹಿಂದೆ ಅರವತ್ತು ಜನ ಗಲಾಟೆ ಮಾಡ್ತಾರೆ, ನಾರ್ಮನ್. ವಾರಕ್ಕೊಂದು ಗಂಟೆ ನಾನೊಬ್ಳೇ ಇರ್ಬೇಕು ಅಷ್ಟೆ,” ಎಂದಿದ್ದಳು. ಒಬ್ಬಳೇ ಹೋಗಲು ನಮ್ಮ ದೋಣಿ ಕ್ಲಬ್ಬಿನ ಪರೀಕ್ಷೆ ಪಾಸಾಗಬೇಕು. ಎರಡು ಸಲ ಫೇಲಾಗಿದ್ದಳು, ಎರಡನೆಯದು ಹೋದ ಭಾನುವಾರವಷ್ಟೇ. ಈ ಭಾನುವಾರದ್ದು ಕೊನೆಯ ಅವಕಾಶ.

ಶನಿವಾರ ಮತ್ತೆ ವಿಲೋ ಬುಡ. “ಈ ದೋಣೀನೇ ಸರಿ ಇಲ್ಲ ಕಣ್ರೀ,” ಎಂದಳು.

“ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಇಳಿ, ತೋರಿಸ್ತೀನಿ.”

ಅದು ನನ್ನ ಹೆಂಡತಿ ಹಿಲರಿಯ ದೋಣಿ. ಕ್ಲಬ್ಬಿನವು ಡಿಲಿಸ್‌ಗೆ ದೊಡ್ಡವಾದವೆಂದು ಕೊಟ್ಟಿದ್ದೆ. ಹಿಲರಿ ತೀರಿಹೋದ ಈ ನಾಲ್ಕು ವರ್ಷದಲ್ಲಿ ನಾನು ಅದರಲ್ಲಿ ಕೂತಿರಲಿಲ್ಲ. ಅದನ್ನು ಹೊರಟ ಜಾಗಕ್ಕೆ ತಂದು, ಮಂಡಿ ಮಡಿಸಿ ಹೇಗೋ ಒಳಗೆ ಕೂತೆ. ಐದನೆಯ ಎಳೆತಕ್ಕೆ ನನ್ನ ಗೆಣ್ಣೂ ಸುಲಿಯಿತು. ಏಳನೆಯದಕ್ಕೆ ವಿಲೋದ ಎಲೆಗಳು ಬೆನ್ನಿಗೆ ತಾಗಿದವು.

ಆಗ ನೆನಪಾಯಿತು. ಹಿಲರಿ ಚಿಕ್ಕಂದಿನಲ್ಲಿ ಯಾವುದೋ ಕೊಳದಲ್ಲಿ ತಾನೇ ಕಲಿತವಳು, ಬಲಗೈ ಮೇಲಿಟ್ಟು. ತಿದ್ದಲು ಹೋಗಿ ಸೋತು, ಮದುವೆಯಾದ ವರ್ಷ ಹುಟ್ಟು ಕೂರುವ ಕೊಂಡಿಗಳ ವಾಷರ್‌ಗಳನ್ನು ನಾನೇ ಅದಲುಬದಲು ಮಾಡಿದ್ದೆ. ಎಡಗೈಯ ಕೊಂಡಿ ತಗ್ಗು, ಬಲಗೈಯದು ಎತ್ತರ, ಉಳಿದ ದೋಣಿಗಳಿಗೆ ತದ್ವಿರುದ್ಧ. ಅವಳಿಗಾಗಿ ದೋಣಿಯನ್ನೇ ತಿದ್ದಿದವನು ಇವಳ ಕೈಯನ್ನು ಆರು ವಾರ ಬೈದಿದ್ದೆ. ನಾಚಿಕೆಯಾಯಿತು.

ದಡಕ್ಕೆ ಬಂದು ಎಲ್ಲ ಹೇಳಿದೆ. ಡಿಲಿಸ್ ತನ್ನ ಗೆಣ್ಣು ನೋಡಿಕೊಂಡಳು.

“ಆರು ವಾರ, ನಾರ್ಮನ್! ನನ್ನ ಬಸ್ಸಲ್ಲಿ ನೀವು ಹತ್ತಿದ್ರೆ ನಡುದಾರೀಲಿ ಇಳಿಸ್ತಿದ್ದೆ.”

“ಇಳಿಸ್ಬೇಕಾದ್ದೇ.”

ಸ್ಪ್ಯಾನರ್ ತಂದೆ. ನಟ್‌ಗೆ ಹಿಡಿಸಿದೆ. ಕೈ ತಿರುಗಲಿಲ್ಲ. ತುಕ್ಕು ಹಿಡಿದಿದೆ ಎಂದೆ. ಡಿಲಿಸ್ ನನ್ನ ಮುಖವನ್ನೇ ನೋಡುತ್ತಿದ್ದಳು.

“ಬಿಡಿ,” ಎಂದಳು ಮೆಲ್ಲಗೆ. “ಅವ್ರ ಥರಾನೇ ಬಲಗೈ ಮೇಲಿಟ್ಟು ಕಲೀತೀನಿ.”

“ನಾಳೆ ಪರೀಕ್ಷೆ. ಇನ್ನೊಂದು ಆರು ವಾರ ಕೂಗೋ ಶಕ್ತಿ ನನಗಿಲ್ಲ. ನೀನೂ ಒಂದು ಕೈ ಹಾಕು.”

ಇಬ್ಬರೂ ಸೇರಿ ತಿರುಗಿಸಿದೆವು. ವಾಷರ್ ಸಲೀಸಾಗಿ ಹೊರಬಂತು. ತುಕ್ಕಿರಲಿಲ್ಲ.

ಭಾನುವಾರ ಬೆಳಿಗ್ಗೆ ಡಿಲಿಸ್ ವಿಲೋವನ್ನು ದಾಟಿ, ನೇರವಾಗಿ ತಿರುವಿನವರೆಗೂ ಹೋಗಿ, ದೋಣಿ ತಿರುಗಿಸಿ ನೇರವಾಗಿ ಬಂದಳು. ಪರೀಕ್ಷೆ ಮಾಡುತ್ತಿದ್ದ ಕ್ಲಬ್ಬಿನ ಕ್ಯಾಪ್ಟನ್ ಪ್ರೂ ನನ್ನ ಬೆನ್ನು ತಟ್ಟಿದಳು.

“ಒಂದೇ ವಾರದಲ್ಲಿ ಎರಡು ಕೈನೂ ಸಮ! ಅದ್ಹೇಗೆ ತಿದ್ದಿದೆ ಮಾರಾಯ?”

ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು. ಅಷ್ಟು ದಣಿದಿದ್ದೆ.

“ಅವಳ ಕೈ ಮೊದ್ಲಿಂದಲೂ ಸಮವಾಗೇ ಇತ್ತು, ಪ್ರೂ,” ಎಂದೆ. “ನೆಲವೇ ಡೊಂಕಿತ್ತು.”