ಟಪ್ಪಾಲು ಚಿಕ್ಕನ ಒಂದು ವರ್ಷ

"ನಾಲ್ಕನೇ ವರ್ಷ, ಫೆಬ್ರವರಿ ಹನ್ನೊಂದು. ಮೂರ್ನಾಡಿಗೆ ಆರೂವರೆ ಗಂಟೆ ಹಿಡಿದಿದೆಯಲ್ಲ ಚಿಕ್ಕ, ಅವತ್ತು ಏನಾಗಿತ್ತು?" ರೈಟರ್ ನಾಗೇಶ್ವರ ಪುಸ್ತಕದಿಂದ ತಲೆಯೆತ್ತದೆ ಕೇಳಿದ.

ಆಫೀಸಿನ ಜಗಲಿಯ ಕೆಳಗೆ ನಿಂತಿದ್ದ ಚಿಕ್ಕ ಬೆರಳು ಮಡಿಸಿ ವರ್ಷ ಎಣಿಸಿದ. "ಮಗೀನ ಮಣ್ಣು ಮಾಡಿ ಹೊಂಟಿದ್ದೆ, ರೈಟ್ರಯ್ಯ."

ನಾಗೇಶ್ವರ ಆ ಅಂಕಿಯ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು, ಅದನ್ನು ಲೆಕ್ಕದಿಂದ ಬಿಟ್ಟ.

ಕಕ್ಕಬೆಯ ಮೇಲಿನ ಆ ಕಾಫಿ ಎಸ್ಟೇಟಿನಿಂದ ಮೂರ್ನಾಡಿಗೆ ಹದಿನೇಳು ಮೈಲಿ. ಟಪ್ಪಾಲಿನ, ಅಂದರೆ ಅಂಚೆಯ, ಚೀಲ ಹೊತ್ತು ಚಿಕ್ಕ ಒಂದು ದಿನ ಓಡುತ್ತ ಹೋಗುತ್ತಿದ್ದ, ಮರುದಿನ ಓಡುತ್ತ ಬರುತ್ತಿದ್ದ. ಒಂಬತ್ತು ವರ್ಷದಿಂದ ಅದೇ ಕೆಲಸ. ದಾರಿಯಲ್ಲಿ ಹೆಂಡದಂಗಡಿಯಲ್ಲಿ ಕೂತುಬಿಟ್ಟಾನೆಂದು ಹಿಂದಿನ ದೊರೆ ಹೊರಟ ಹೊತ್ತು, ತಲುಪಿದ ಹೊತ್ತು ಎರಡನ್ನೂ ಬರೆಸಿಡುತ್ತಿದ್ದ. ಹೊಸ ದೊರೆಗೆ ಆ ಪುಸ್ತಕಗಳು ಬೇರೊಂದಕ್ಕೆ ಬೇಕಾದವು. ಹೊಸ ವರ್ಷದ ದಿನ ವಿರಾಜಪೇಟೆಯಿಂದ ಮಡಿಕೇರಿಗೆ ಎಸ್ಟೇಟುಗಳ ಆಳುಗಳ ಓಟ. ತನ್ನ ಆಳೇ ಗೆಲ್ಲುತ್ತಾನೆಂದು ಅವನು ಕ್ಲಬ್ಬಿನಲ್ಲಿ ಹೇಳಿಬಂದಿದ್ದ. ಗೆದ್ದರೆ ಚಿಕ್ಕನಿಗೆ ಟಪ್ಪಾಲು ತಪ್ಪಿಸಿ ಗೇಟಿನ ಕಾವಲು ಕೊಡುವುದೆಂದು ಮಾತಾಗಿತ್ತು. ಸಂಜೆಯಾದರೆ ಮಂಡಿ ಊದಿಕೊಳ್ಳುತ್ತಿದ್ದ ಚಿಕ್ಕನಿಗೆ ಅಷ್ಟು ಸಾಕಾಗಿತ್ತು.

ನಾಗೇಶ್ವರನಿಗೆ ಈ ಕೆಲಸ ಹಿಡಿಸಿತು. ಹನ್ನೆರಡು ವರ್ಷ ಕಾಫಿಯ ತೂಕ, ಆಳುಗಳ ಹಾಜರಿ ಬರೆದ ಅವನನ್ನು ಯೋಚನೆ ಮಾಡೆಂದು ಯಾರೂ ಕೇಳಿರಲಿಲ್ಲ. ಹುಳ ತಿಂದ ಹಾಳೆಗಳನ್ನು ಒಂದೊಂದಾಗಿ ತಿರುವಿದ. ಪ್ರತಿ ವರ್ಷ ಜುಲೈ-ಆಗಸ್ಟಿನ ಕಕ್ಕಡ ತಿಂಗಳ ಮಳೆಗೆ ಚಿಕ್ಕ ಜ್ವರ ಬಿದ್ದು ನಿಧಾನವಾಗುತ್ತಿದ್ದ. ಮೊದಲಿನ ವೇಗಕ್ಕೆ ಬರಲು ಡಿಸೆಂಬರ್ ಕಳೆಯುತ್ತಿತ್ತು. ಆರನೇ ವರ್ಷ ಮಾತ್ರ ಹಾಗಾಗಿರಲಿಲ್ಲ. ಆ ವರ್ಷ ಕಾಲಿಗೆ ಕೊಡಲಿ ತಾಗಿ ಮಳೆಗಾಲವೆಲ್ಲ ಆಳುಗಳ ಲೈನುಮನೆಯಲ್ಲಿ ಮಲಗಿದ್ದ. ಅದರ ಮುಂದಿನ ಚಳಿಗಾಲದಲ್ಲಿ ಓಡಿದಷ್ಟು ಜೋರಾಗಿ ಅವನು ಎಂದೂ ಓಡಿರಲಿಲ್ಲ.

ನಾಗೇಶ್ವರ ವರ್ಷದ ಪಟ್ಟಿ ಬರೆದ. ಜೂನಿನಿಂದ ಆಗಸ್ಟ್‌ವರೆಗೆ ವಿಶ್ರಾಂತಿ. ಸೆಪ್ಟೆಂಬರಿನಿಂದ ದಿನ ಬಿಟ್ಟು ದಿನ ಓಟ. ನವೆಂಬರಿನಲ್ಲಿ ಗುಡ್ಡ ಹತ್ತುವುದು. ಆರನೇ ವರ್ಷ ಟಪ್ಪಾಲು ಗಾಡಿಯಲ್ಲಿ ಸುತ್ತು ದಾರಿ ಹಿಡಿದು ಎರಡು ದಿನ ತಡವಾಗುತ್ತಿತ್ತು. ಅಷ್ಟು ತಡ ಈ ದೊರೆಗೆ ಆಗದು. ಹಾಗಾಗಿ ಮಳೆಗಾಲದ ಮೂರು ತಿಂಗಳ ಎದುರು ಚಿಕ್ಕನ ಹೆಂಡತಿ ಮುತ್ತಿಯ ತಮ್ಮ ಸುಬ್ಬನ ಹೆಸರು ಬರೆದ. ಗಟ್ಟಿ ಆಳು, ಇಪ್ಪತ್ತಾರರ ಪ್ರಾಯ.

"ದಾರೀಲಿ ದಾಟೋ ಹೊಳೆ ಅವನಿಗೆ ಗೊತ್ತಿಲ್ಲ ಕಣಯ್ಯ," ಎಂದ ಚಿಕ್ಕ.

"ಕರ್ಕೊಂಡು ಹೋಗಿ ತೋರಿಸು. ಎರಡು ಸಲ ಹೋದ್ರೆ ಗೊತ್ತಾಗುತ್ತೆ."

ಚಿಕ್ಕ ಎರಡು ಸಲ ತೋರಿಸಿದ. ಅದು ಮೇ ತಿಂಗಳು. ನೀರು ಮಂಡಿಯುದ್ದ ಇತ್ತು.

ಕಕ್ಕಡದ ಐದನೇ ದಿನ ಮೂರ್ನಾಡಿಗೆ ಹೊರಟ ಸುಬ್ಬ ಅಲ್ಲಿಗೆ ತಲುಪಲಿಲ್ಲ. ಮೂರನೇ ದಿನ ಹೊಳೆಯಂಚಿನ ಬಿದಿರ ಮೆಳೆಗೆ ಸಿಕ್ಕಿದ್ದ ಚೀಲ ದೊರಕಿತು. ಅರಗಿನ ಮುದ್ರೆ ಒಡೆದಿರಲಿಲ್ಲ. ಸುಬ್ಬ ಸಿಕ್ಕಿದ್ದು ಅದಕ್ಕೂ ಎರಡು ಮೈಲಿ ಕೆಳಗೆ. ನಾಗೇಶ್ವರ ಒಲೆಯ ಮುಂದೆ ಕೂತು ದೊರೆಯ ಕಾಗದಗಳನ್ನು ಒಂದೊಂದಾಗಿ ಒಣಗಿಸಿದ.

ಮಣ್ಣು ಮಾಡಿದ ಮರುದಿನ ಚಿಕ್ಕ ಆಫೀಸಿಗೆ ಬಂದ. "ಚೀಲ ಕೊಡಿ ರೈಟ್ರಯ್ಯ, ನಾನೇ ಹೋಯ್ತೀನಿ."

"ದೊರೆ ಒಪ್ಪಲ್ಲ ಚಿಕ್ಕ. ನೀನು ಈಗ ಓಡಬಾರದು. ತಡ ಆದ್ರೂ ಸರಿ, ಟಪ್ಪಾಲು ಗಾಡೀಲಿ ಹೋಗುತ್ತಂತೆ."

"ಗಾಡೀಲಿ," ಎಂದ ಚಿಕ್ಕ. ಮಳೆಯಲ್ಲೇ ಹೊರಟುಹೋದ.

ಮೊದಲ ಬಾರಿಗೆ ಅವನ ಮಂಡಿಯ ಬಾವು ಪೂರ್ತಿ ಇಳಿಯಿತು. ಬಂಗಲೆಯಿಂದ ದಿನಾ ಎರಡು ಮೊಟ್ಟೆ ಬರುತ್ತಿತ್ತು. ಮುತ್ತಿ ಬೇಯಿಸಿ, ಸುಲಿದು ಗಂಡನ ಮುಂದೆ ಇಡುತ್ತಿದ್ದಳು. ಅವಳು ಬಯ್ದಿದ್ದರೆ ಉಣ್ಣಬಹುದಿತ್ತು ಅನ್ನಿಸುತ್ತಿತ್ತು ಚಿಕ್ಕನಿಗೆ. ಆದರೂ ಉಂಡ. ಸೆಪ್ಟೆಂಬರ್ ಬಂದಾಗ ಪಟ್ಟಿಯಲ್ಲಿದ್ದಂತೆ ಓಡಿದ. ನವೆಂಬರಿನಲ್ಲಿ ಗುಡ್ಡ ಹತ್ತಿದ.

ಹೊಸ ವರ್ಷದ ದಿನ ಅವನು ಎಲ್ಲರಿಗಿಂತ ಕಾಲು ಗಂಟೆ ಮುಂಚೆ ಮಡಿಕೇರಿ ಮುಟ್ಟಿದ. ನಾಗೇಶ್ವರ ಮೊದಲೇ ಬರೆದಿಟ್ಟಿದ್ದ ಹೊತ್ತಿಗೂ ಅದಕ್ಕೂ ನಾಲ್ಕೇ ನಿಮಿಷದ ವ್ಯತ್ಯಾಸ. ಗಡಿಯಾರ ನೋಡಿದ ನಾಗೇಶ್ವರನ ಎದೆ ಹಿಗ್ಗಿತು. ಹಿಗ್ಗಿದ್ದಕ್ಕೆ ಹಿಂದೆಯೇ ನಾಚಿಕೆಯಾಗಿ, ದೊರೆಗಳ ಗುಂಪಿನಿಂದ ದೂರ ಹೋಗಿ ನಿಂತ.

ದೊರೆ ಅವನನ್ನು ಅಲ್ಲಿಗೇ ಹುಡುಕಿಕೊಂಡು ಬಂದ. ಇಂಥವನನ್ನು ಗೇಟಿನಲ್ಲಿ ಕೂರಿಸುವುದುಂಟೇ, ಇನ್ನೊಂದು ವರ್ಷ ಓಡಲಿ, ಗಾಡಿ ತಡ, ಮಳೆಗಾಲಕ್ಕೆ ಬೇರೆ ಆಳು ಹಾಕಿ ಮುಂದಿನ ಪಟ್ಟಿಯನ್ನೂ ಬರೆ ಎಂದ.

ಮೂರು ದಿನ ತಡೆದು ನಾಗೇಶ್ವರ ಲೈನಿಗೆ ಹೋದ. ಹನ್ನೆರಡು ವರ್ಷದಲ್ಲಿ ಅವನು ಅಲ್ಲಿಗೆ ಹೋದದ್ದು ಅದೇ ಮೊದಲು. ಹೊಸಿಲ ಮೇಲೆ ಕೂತಿದ್ದ ಚಿಕ್ಕ ಎದ್ದು ನಿಂತು ದೊರೆಯ ಮಾತೆಲ್ಲವನ್ನೂ ಕೇಳಿಸಿಕೊಂಡ. ಗೇಟಿನ ವಿಷಯ ಎತ್ತಲಿಲ್ಲ.

"ಮಳೆಗಾಲಕ್ಕೆ ಯಾರ ಹೆಸ್ರು ಬರೀತೀರಿ?"

ನಾಗೇಶ್ವರ ಜೇಬಿನಿಂದ ತೆಗೆದ ಹೊಸ ಪಟ್ಟಿಯಲ್ಲಿ ಮಳೆಗಾಲದ ಎದುರು ಖಾಲಿಯಿತ್ತು.

"ನನ್ನ ಹೆಸ್ರೇ ಬರೀರಿ."

"ಹಾಗೆ ಮಾಡಿದ್ರೆ ಹೊಸ ವರ್ಷಕ್ಕೆ ನಿನಗೆ ಜೋರಾಗಿ ಓಡೋಕಾಗಲ್ಲ, ಚಿಕ್ಕ. ಸೋಲ್ತೀಯ."

"ಗೊತ್ತು. ಬರೀರಿ."

ಒಳಗಿನಿಂದ ಮುತ್ತಿ ಬಂದು, ರೈಟರಯ್ಯನಿಗೆ ಕೂರಲೆಂದು ಒಂದು ಗೋಣಿ ಕೊಡವಿ ಹಾಸಿದಳು. ಅವನು ಕೂರಲಿಲ್ಲ. ಹೋಗಲೂ ಆಗಲಿಲ್ಲ. ಎದುರು ಗುಡ್ಡದಲ್ಲಿ ಕಾಫಿ ಹಣ್ಣು ಕುಯ್ದು ಮುಗಿಸಿದವರು ಮೂಟೆಗಳನ್ನು ತಲೆಯ ಮೇಲಿಟ್ಟುಕೊಂಡು, ಜಾರದಂತೆ ಹೆಜ್ಜೆ ನೋಡಿಕೊಂಡು, ಒಬ್ಬರ ಹಿಂದೊಬ್ಬರು ಇಳಿಯುತ್ತಿದ್ದರು.